ಮೊಣಕಾಲಿನ ನೋವಿಗೆ ಮಿಥ್ಯಾವಾಸ್ತವ: ಅಳತೆ ಹೇಳುವುದೆಷ್ಟು?

ಮಳೆಗಾಲದಲ್ಲಿ ಗೋಕಾಕ ಫಾಲ್ಸ್‌ಗೆ ಹೋಗುವ ಶಿಕ್ಷಕರು ತಮ್ಮ ವಿದ್ಯಾರ್ಥಿಗಳಿಂದ ಒಂದು ಪುಟ್ಟ ಪ್ರಯೋಗ ಮಾಡಿಸಬಹುದು. ಘಟಪ್ರಭಾ ನದಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವುದನ್ನು ಸುರಕ್ಷಿತ ಜಾಗದಲ್ಲಿ ನಿಂತು, ಒಂದೇ ಕಡೆ ದೃಷ್ಟಿ ನೆಟ್ಟು, ಒಂದು ನಿಮಿಷ ನೋಡಬೇಕು. ಆಮೇಲೆ ಥಟ್ಟನೆ ಪಕ್ಕದ ಬಂಡೆಯ ಕಡೆಗೆ ಕಣ್ಣು ಹೊರಳಿಸಬೇಕು. ಬಂಡೆ ಮೆಲ್ಲಗೆ ಮೇಲಕ್ಕೆ ಸರಿಯುತ್ತಿರುವಂತೆ ಕೆಲವು ಕ್ಷಣ ಕಾಣುತ್ತದೆ. ಸ್ಕಾಟ್‌ಲೆಂಡಿನ ಫಾಯರ್ಸ್ ಜಲಪಾತದ ಬಳಿ ಇದನ್ನು ಗಮನಿಸಿ 1834ರಲ್ಲಿ ವರದಿ ಮಾಡಿದವನು ರಾಬರ್ಟ್ ಆಡಮ್ಸ್. ಕೆಳಮುಖ ಚಲನೆಗೆ ಸ್ಪಂದಿಸುವ ನರಕೋಶಗಳು ದಣಿದಾಗ ಮೇಲ್ಮುಖ ಚಲನೆಗೆ ಸ್ಪಂದಿಸುವ ಕೋಶಗಳ ಕೈ ಮೇಲಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಬಂಡೆ ಏರುತ್ತಿಲ್ಲವೆಂದು ನಮಗೆ ಚೆನ್ನಾಗಿ ಗೊತ್ತು. ಆದರೆ ಗೊತ್ತಿದ್ದ ಮಾತ್ರಕ್ಕೆ ಅದು ಏರುವುದು ನಿಲ್ಲುವುದಿಲ್ಲ.

ನಾವು ಕಾಣುವುದು ಕಣ್ಣಿನ ಮೇಲೆ ಬಿದ್ದ ಬೆಳಕಿನ ನೇರ ದಾಖಲೆಯಲ್ಲ, ಮಿದುಳು ಹಾಕಿದ ಲೆಕ್ಕ. ನೋವೂ ಹಾಗೆಯೆ. ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿಯೂ ಆಸ್ಪತ್ರೆಗಳ ಪ್ರಚಾರದಲ್ಲಿಯೂ ಕಾಣಿಸಿಕೊಳ್ಳುತ್ತಿರುವ ಒಂದು ಹೇಳಿಕೆ ಈ ಮಾತಿನ ಮೇಲೆಯೇ ನಿಂತಿದೆ. ಮೊಣಕಾಲು ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಆದವರಿಗೆ ವರ್ಚುವಲ್ ರಿಯಾಲಿಟಿ, ಅಂದರೆ ಮಿಥ್ಯಾವಾಸ್ತವದ ಹೆಡ್‌ಸೆಟ್ ತೊಡಿಸಿದರೆ ನೋವು ಇಳಿಯುತ್ತದೆ, ನೋವುನಿವಾರಕ ಗುಳಿಗೆ ಕಡಿಮೆ ಸಾಕು ಎಂಬುದು ಆ ಹೇಳಿಕೆ. ನಾನು ವೈದ್ಯನಲ್ಲ, ಭೌತವಿಜ್ಞಾನ ಕಲಿಸುವವನು. ಆದರೆ ಈ ಹೇಳಿಕೆಯಲ್ಲಿ ಮಸೂರವಿದೆ, ಕಾಲವಿಳಂಬವಿದೆ, ಸರಾಸರಿಯಿದೆ, ಮಾನಕ ವಿಚಲನೆಯಿದೆ. ಅಷ್ಟರ ಮಟ್ಟಿಗೆ ಅದನ್ನು ಪರೀಕ್ಷಿಸುವ ಹಕ್ಕು ನಮಗಿದೆ.

ಮೊದಲು ಶಸ್ತ್ರಚಿಕಿತ್ಸೆಯ ವಿಚಾರ. ನಮ್ಮಲ್ಲಿ ಇದನ್ನು 'ಮಂಡಿಚಿಪ್ಪು ಬದಲಾವಣೆ' ಎನ್ನುವ ರೂಢಿಯಿದೆ. ಅದು ಸರಿಯಲ್ಲ. ಬದಲಾಗುವುದು ಮುಖ್ಯವಾಗಿ ತೊಡೆಮೂಳೆಯ ಕೆಳತುದಿಯ ಹಾಗೂ ಕಣಕಾಲಿನ ಮೂಳೆಯ ಮೇಲ್ತುದಿಯ ಸವೆದ ಮೇಲ್ಮೈ. ಚಿಪ್ಪಿನ ಒಳಮೈಯನ್ನು ಕೆಲವರಿಗೆ ಬದಲಿಸುತ್ತಾರೆ, ಕೆಲವರಿಗೆ ಇಲ್ಲ. ಮೂಳೆಯ ತುದಿಗಳನ್ನು ಕೆಲವು ಮಿಲಿಮೀಟರ್ ಕತ್ತರಿಸಿ, ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಹೊದಿಕೆ ತೊಡಿಸಿ, ನಡುವೆ ಗಟ್ಟಿ ಪಾಲಿಥಿಲೀನಿನ ತುಂಡನ್ನು ಕೂರಿಸುತ್ತಾರೆ. ಈ ಕೀಲು ಹೊರಬೇಕಾದ ಭಾರ ಸಣ್ಣದಲ್ಲ. ನಡೆಯುವಾಗ ದೇಹತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲಿಳಿಯುವಾಗ ಮೂರು ಪಟ್ಟಿಗೂ ಹೆಚ್ಚು ಬಲ ಮೊಣಕಾಲಿನ ಮೇಲೆ ಬೀಳುತ್ತದೆ. ಇದು ಊಹೆಯಲ್ಲ, ಒಳಗೆ ಸಂವೇದಕಗಳನ್ನಿಟ್ಟ ಕೃತಕ ಕೀಲುಗಳಿಂದ ಅಳೆದದ್ದು.

ಹೊಸ ಕೀಲು ಹಾಕಿದ ಮೇಲೆ ಅದನ್ನು ಸುಮ್ಮನೆ ಬಿಡುವಂತಿಲ್ಲ. ಶಸ್ತ್ರಚಿಕಿತ್ಸೆಯ ದಿನ ಅಥವಾ ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಕಾಲು ಮಡಚುವ ವ್ಯಾಯಾಮ ಶುರುವಾಗುತ್ತದೆ. ಮಡಚದಿದ್ದರೆ ಒಳಗೆ ಗಾಯದ ಅಂಗಾಂಶ ಬೆಳೆದು ಕೀಲು ಬಿಗಿಯುತ್ತದೆ. ಕುರ್ಚಿಯಿಂದ ಸಲೀಸಾಗಿ ಏಳಬೇಕಾದರೆ 90 ಡಿಗ್ರಿಗಿಂತ ತುಸು ಹೆಚ್ಚೇ ಮಡಚಬೇಕು. ಹೀಗಾಗಿ ಇಲ್ಲಿ ನೋವು ಎರಡು ಬಗೆಯದು: ಮಲಗಿದ್ದಾಗಲೂ, ವಿಶೇಷವಾಗಿ ರಾತ್ರಿ, ಮಿಡಿಯುತ್ತಲೇ ಇರುವ ನೋವು ಒಂದು. ಮಡಚುವ ಹತ್ತು ಹದಿನೈದು ನಿಮಿಷ ಚಿಮ್ಮುವ ನೋವು ಇನ್ನೊಂದು. ಮುಂದಿನ ಚರ್ಚೆಗೆ ಈ ಭೇದ ಬಹಳ ಮುಖ್ಯ. ಪ್ರಚಾರದಲ್ಲಿ ಇವೆರಡೂ 'ಶಸ್ತ್ರಚಿಕಿತ್ಸೆಯ ನಂತರದ ನೋವು' ಎಂಬ ಒಂದೇ ಚೀಲದಲ್ಲಿ ಬಿದ್ದಿರುತ್ತವೆ.

ಫಾಲ್ಸ್‌ನಲ್ಲೇ ಇರುವ ನಮ್ಮ ಅಕ್ಕನಿಗೆ ಈ ಶಸ್ತ್ರಚಿಕಿತ್ಸೆಯಾದಾಗ ಮನೆಗೆ ಬರುತ್ತಿದ್ದ ಫಿಜಿಯೋಥೆರಪಿಯ ಹುಡುಗಿ ದಿನವೂ ಕೇಳುತ್ತಿದ್ದಳು: "ಅಮ್ಮಾರ, ಸೊನ್ನಿಯಿಂದ ಹತ್ತರಾಗ ನೋವು ಎಷ್ಟೈತ್ರಿ?" ಅಕ್ಕ ಮೊದಲ ದಿನ "ಹನ್ನೆರಡು" ಎಂದಳು. ನಾವೆಲ್ಲ ನಕ್ಕೆವು. ಈಗ ಯೋಚಿಸಿದರೆ ಅದು ನಗುವ ಮಾತಲ್ಲ, ಒಂದು ಅಳತೆಗೋಲಿನ ಟೀಕೆ. ನೋವಿನ ಸೊನ್ನೆ-ಹತ್ತರ ಪಟ್ಟಿ ಸೆಂಟಿಮೀಟರಿನ ಪಟ್ಟಿಯಂತಲ್ಲ. ಎರಡರಿಂದ ಮೂರಕ್ಕೆ ಇರುವ ಅಂತರವೂ ಎಂಟರಿಂದ ಒಂಬತ್ತಕ್ಕೆ ಇರುವ ಅಂತರವೂ ಸಮ ಎನ್ನಲು ಆಧಾರವಿಲ್ಲ. ಒಬ್ಬರ ಆರು ಇನ್ನೊಬ್ಬರ ಆರಲ್ಲ. ಹಾಗೆಂದು ಈ ಪಟ್ಟಿ ನಿಷ್ಪ್ರಯೋಜಕವೂ ಅಲ್ಲ. ಒಬ್ಬನೇ ರೋಗಿಯ ಇವತ್ತಿನ ಮತ್ತು ನಾಳಿನ ಸಂಖ್ಯೆಗಳನ್ನು ಹೋಲಿಸಲು ಅದಕ್ಕಿಂತ ಸುಲಭವಾದ ಸಾಧನ ನಮ್ಮ ಬಳಿ ಇಲ್ಲ. ಈ ಕುಂಟುಕೋಲಿನಿಂದಲೇ ಮುಂದಿನ ಎಲ್ಲ ಅಳತೆಗಳೂ ನಡೆದಿವೆ ಎಂಬುದನ್ನು ನೆನಪಿಟ್ಟರೆ ಸಾಕು.

ಇನ್ನು ನೋವಿನ ದಾರಿ. ನೋವಿನ ಸುದ್ದಿಯನ್ನು ಒಯ್ಯುವ ನರತಂತುಗಳಲ್ಲಿ ಎರಡು ವರ್ಗ. ತೆಳುವಾದ ಹೊದಿಕೆಯುಳ್ಳ ತಂತುಗಳಲ್ಲಿ ಸಂಕೇತ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸಾಗುತ್ತದೆ. ಹೊದಿಕೆಯೇ ಇಲ್ಲದ ಸಪೂರ ತಂತುಗಳಲ್ಲಿ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಮೊಣಕಾಲಿನಿಂದ ಮಿದುಳುಬಳ್ಳಿಗೆ ದೂರ ಸುಮಾರು ಮುಕ್ಕಾಲು ಮೀಟರ್ ಎಂದಿಟ್ಟುಕೊಂಡರೆ ಚುರುಕು ನೋವು ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟರಲ್ಲಿ ತಲಪುತ್ತದೆ. ಮಂದವಾದ, ಉರಿಯುವ ನೋವು ಮುಕ್ಕಾಲು ಸೆಕೆಂಡು ತಡವಾಗಿ ಬರುತ್ತದೆ. ಕಾಲು ಎಡವಿದಾಗ ಮೊದಲು 'ಚುರ್' ಎಂದು, ಆಮೇಲೆ ನೋವು 'ಏರಿ' ಬರುವುದು ಇದರಿಂದಲೇ. 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ವಾದದ ಪ್ರಕಾರ, ಮಿದುಳುಬಳ್ಳಿಯಲ್ಲಿ ಈ ಸಂಕೇತಗಳಿಗೆ ಒಂದು ಬಾಗಿಲಿದೆ. ಸ್ಪರ್ಶದ ಸಂಕೇತಗಳೂ ಮಿದುಳಿನಿಂದ ಇಳಿದು ಬರುವ ಆಜ್ಞೆಗಳೂ ಆ ಬಾಗಿಲನ್ನು ಅರೆ ಮುಚ್ಚಬಲ್ಲವು. ಪೆಟ್ಟು ಬಿದ್ದ ಜಾಗವನ್ನು ನಾವು ಉಜ್ಜಿಕೊಳ್ಳುವುದು ಇದೇ ಕಾರಣಕ್ಕೆ. ಅವರ ಚಿತ್ರದ ವಿವರಗಳು ಆಮೇಲೆ ಸಾಕಷ್ಟು ಬದಲಾದವು. ಆದರೆ ಮೇಲಿಂದ ಕೆಳಕ್ಕೂ ನಿಯಂತ್ರಣವಿದೆ ಎಂಬ ತಿರುಳು ಉಳಿದಿದೆ. ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಬಹುಪಾಲು ಮಂದಿ ನೋವಿಗೆ ಔಷಧ ಬೇಡವೆಂದುದನ್ನು ಹೆನ್ರಿ ಬೀಚರ್ ಎಂಬ ವೈದ್ಯರು 1946ರಲ್ಲಿ ವರದಿ ಮಾಡಿದ್ದರು. ಗಾಯದ ಗಾತ್ರಕ್ಕೂ ನೋವಿನ ಗಾತ್ರಕ್ಕೂ ನೇರ ಅನುಪಾತವಿಲ್ಲ.

ಹೆಡ್‌ಸೆಟ್ಟಿನ ಕೆಲಸ ಈ ಬಾಗಿಲಿನ ಮೇಲಿನ ಹಿಡಿತವನ್ನು ಗಮನದ ಮೂಲಕ ಪಡೆಯುವುದು. ಅದರ ದೃಗ್ವಿಜ್ಞಾನ ಪ್ರೌಢಶಾಲೆಯ ಪಾಠದ ಮಟ್ಟದ್ದೇ. ಕಣ್ಣಿನ ಮುಂದೆ ಒಂದು ಪೀನ ಮಸೂರ, ಅದರ ಸಂಗಮದೂರಕ್ಕಿಂತ ತುಸು ಹತ್ತಿರದಲ್ಲಿ ಪುಟ್ಟ ಪರದೆ. ಮಸೂರದ ಸಂಗಮದೂರ 4.1 ಸೆಂ.ಮೀ., ಪರದೆ 4 ಸೆಂ.ಮೀ. ದೂರದಲ್ಲಿದ್ದರೆ ಪ್ರತಿಬಿಂಬ ಸುಮಾರು 1.6 ಮೀಟರ್ ಆಚೆ ಮೂಡುತ್ತದೆ. ವಿದ್ಯಾರ್ಥಿಗಳು ಸೂತ್ರ ಹಾಕಿ ನೋಡಬಹುದು. ಅದು ಮಿಥ್ಯ ಪ್ರತಿಬಿಂಬ. 'ಮಿಥ್ಯಾವಾಸ್ತವ' ಎಂಬ ಹೆಸರಿಗೂ ಈ ಮಿಥ್ಯಕ್ಕೂ ಸಂಬಂಧವಿಲ್ಲದಿದ್ದರೂ ಕಾಕತಾಳೀಯ ಸೊಗಸಾಗಿದೆ. ಕಷ್ಟವಿರುವುದು ಮಸೂರದಲ್ಲಲ್ಲ, ಸಮಯದಲ್ಲಿ. ತಲೆ ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ತಿರುಗಿತೆನ್ನಿ. ಚಿತ್ರ ಬದಲಾಗಲು 50 ಮಿಲಿಸೆಕೆಂಡು ತಡವಾದರೆ ದೃಶ್ಯ 5 ಡಿಗ್ರಿ ಹಿಂದೆ ಬೀಳುತ್ತದೆ. ಹುಣ್ಣಿಮೆಯ ಚಂದ್ರನ ವ್ಯಾಸ ಅರ್ಧ ಡಿಗ್ರಿ. ಅಂದರೆ ಹತ್ತು ಚಂದ್ರರಷ್ಟು ತಪ್ಪು! ವಿಳಂಬ 20 ಮಿಲಿಸೆಕೆಂಡಿನೊಳಗೆ ಬಂದ ಮೇಲೆಯೇ ಈ ಸಾಧನಗಳು ಸಹ್ಯವಾದದ್ದು. ಆದರೂ ಕಣ್ಣು 'ಚಲಿಸುತ್ತಿದ್ದೇನೆ' ಎಂದು, ಒಳಗಿವಿ 'ಮಲಗಿದ್ದೇನೆ' ಎಂದು ಬೇರೆ ಬೇರೆ ವರದಿ ಕೊಟ್ಟಾಗ ಕೆಲವರಿಗೆ ವಾಕರಿಕೆ ಬರುತ್ತದೆ. ಅರಿವಳಿಕೆಯಿಂದಲೋ ಮಾರ್ಫೀನ್ ವರ್ಗದ ಮದ್ದಿನಿಂದಲೋ ಮೊದಲೇ ಹೊಟ್ಟೆ ತೊಳಸುತ್ತಿರುವ ರೋಗಿಗೆ ಇದು ಸಣ್ಣ ವಿಷಯವಲ್ಲ.

ಈ ವಿದ್ಯೆಯ ತವರು ಮೊಣಕಾಲಲ್ಲ, ಸುಟ್ಟಗಾಯ. ಅಮೆರಿಕದ ಸಿಯಾಟಲ್‌ನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ 1990ರ ದಶಕದ ನಡುವಿನಲ್ಲಿ ಇದನ್ನು ಆರಂಭಿಸಿದರು. ಸುಟ್ಟಗಾಯ ತೊಳೆದು ಕಟ್ಟು ಬದಲಿಸುವಾಗಿನ ಯಾತನೆ ಮಾರ್ಫೀನಿಗೂ ಪೂರ್ತಿ ಬಗ್ಗುವುದಿಲ್ಲ. ಇಬ್ಬರು ಹದಿಹರೆಯದ ರೋಗಿಗಳ ಮೇಲಿನ ಅವರ 2000ದ ವರದಿ ಮಾಮೂಲಿ ವಿಡಿಯೋ ಆಟದೊಂದಿಗೇ ಹೋಲಿಕೆ ಮಾಡಿತ್ತು. ಇದು ಮೆಚ್ಚಬೇಕಾದ ಎಚ್ಚರ. ಬಳಿಕ ಅವರು 'ಸ್ನೋವರ್ಲ್ಡ್' ಎಂಬ ಹಿಮಕಣಿವೆಯನ್ನು ಕಟ್ಟಿದರು. ರೋಗಿ ಅದರೊಳಗೆ ತೇಲುತ್ತ ಹಿಮದುಂಡೆ ಎಸೆಯುತ್ತಾನೆ. 2004ರಲ್ಲಿ ಎಂಟು ಮಂದಿ ಆರೋಗ್ಯವಂತರ ಮಿದುಳನ್ನು ಎಫ್‌.ಎಂ.ಆರ್‌.ಐ. ಯಂತ್ರದಲ್ಲಿ ನೋಡಿದಾಗ, ಕಾಲಿಗೆ ಬಿಸಿ ತಾಗಿಸಿದ ಹೊತ್ತಿನಲ್ಲಿ ನೋವಿಗೆ ಸಂಬಂಧಿಸಿದ ಐದು ಪ್ರದೇಶಗಳ ಚಟುವಟಿಕೆ ಹಿಮಲೋಕದಲ್ಲಿದ್ದಾಗ ತಗ್ಗಿತ್ತು. 2006ರ ಇನ್ನೊಂದು ಪ್ರಯೋಗದಲ್ಲಿ ಸುಮಾರು 60 ಡಿಗ್ರಿ ದೃಷ್ಟಿವಿಸ್ತಾರದ ಹೆಡ್‌ಸೆಟ್ ತೊಟ್ಟವರಲ್ಲಿ ಶೇ. 65 ಮಂದಿಗೆ ಗಣನೀಯವಾಗಿ ನೋವು ಇಳಿಯಿತು. 35 ಡಿಗ್ರಿಯ ಅಗ್ಗದ ಹೆಡ್‌ಸೆಟ್ಟಿನವರಲ್ಲಿ ಶೇ. 29 ಮಂದಿಗೆ ಮಾತ್ರ. ಪ್ರಮಾಣ ಬದಲಿಸಿದಾಗ ಪರಿಣಾಮವೂ ಬದಲಾಯಿತು. ಭೌತವಿಜ್ಞಾನಿಯೊಬ್ಬನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಆದ್ದರಿಂದ 'ಇದೆಲ್ಲ ಬೊಗಳೆ' ಎಂದು ತಳ್ಳಿಹಾಕುವವರ ಪಕ್ಷ ನನ್ನದಲ್ಲ. ಚಿಕ್ಕ ಅವಧಿಯ, ಗೊತ್ತಾದ ಹೊತ್ತಿಗೆ ಶುರುವಾಗಿ ಮುಗಿಯುವ ಯಾತನೆಗೆ ಮಿಥ್ಯಾವಾಸ್ತವ ಕೆಲಸ ಮಾಡುತ್ತದೆ.

ನನ್ನ ತಕರಾರು ಇಲ್ಲಿಂದ ಮುಂದಿನ ಜಿಗಿತದ ಬಗ್ಗೆ.

ಲಾಸ್ ಏಂಜಲಿಸ್‌ನ ಸೀಡರ್ಸ್-ಸಿನಾಯ್ ಆಸ್ಪತ್ರೆಯ ಬ್ರೆನನ್ ಸ್ಪೀಗಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ವಿಷಯದ ಬರಹಗಳು ಮತ್ತೆ ಮತ್ತೆ ಉಲ್ಲೇಖಿಸುತ್ತವೆ. ಬೇರೆ ಬೇರೆ ಕಾರಣಗಳಿಗೆ ದಾಖಲಾಗಿದ್ದ 120 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. 61 ಮಂದಿಗೆ ಹೆಡ್‌ಸೆಟ್, ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ಬಳಸುವ ಸಲಹೆ. 59 ಮಂದಿಗೆ ಆಸ್ಪತ್ರೆಯ ಟಿ.ವಿ.ಯಲ್ಲಿ ಆರೋಗ್ಯದ ಕಾರ್ಯಕ್ರಮ. ಬಳಕೆಯ ಮುಂಚಿನ ಮತ್ತು ನಂತರದ ನೋವಿನ ಅಂಕಗಳ ವ್ಯತ್ಯಾಸ ಮೊದಲ ಗುಂಪಿನಲ್ಲಿ ಸರಾಸರಿ 1.72, ಎರಡನೆಯದರಲ್ಲಿ 0.46. 'ನೋವು ಸುಮಾರು ನಾಲ್ಕು ಪಟ್ಟು ಹೆಚ್ಚು ಇಳಿಯಿತು' ಎಂದು ಶೀರ್ಷಿಕೆ ಬರೆಯುವುದು ಸುಲಭ.

ಆದರೆ ಸರಾಸರಿಯ ಪಕ್ಕದಲ್ಲಿಯೇ ಮಾನಕ ವಿಚಲನೆಯನ್ನೂ ಕೊಟ್ಟಿದ್ದಾರೆ: 3.56 ಮತ್ತು 3.01. ಇಲ್ಲಿ ಪೆನ್ಸಿಲು ಹಿಡಿಯೋಣ. ಎರಡು ಸರಾಸರಿಗಳ ಅಂತರ 1.26. ಈ ಅಂತರದ ಅನಿಶ್ಚಿತತೆ ತಿಳಿಯಲು ಪ್ರತಿ ವಿಚಲನೆಯ ವರ್ಗವನ್ನು ಆ ಗುಂಪಿನ ಜನಸಂಖ್ಯೆಯಿಂದ ಭಾಗಿಸಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. 12.67ನ್ನು 61ರಿಂದ ಭಾಗಿಸಿದರೆ 0.208, 9.06ನ್ನು 59ರಿಂದ ಭಾಗಿಸಿದರೆ 0.154. ಕೂಡಿಸಿದರೆ 0.362, ಅದರ ವರ್ಗಮೂಲ 0.60. ಅಂದರೆ ಅಂತರ ತನ್ನ ದೋಷದ ಎರಡು ಪಟ್ಟಿಗಿಂತ ಕೂದಲೆಳೆಯಷ್ಟು ಹೆಚ್ಚು. ಶೇ. 95ರ ಭರವಸೆಯ ಮಿತಿಗಳನ್ನು ಬರೆದರೆ ನಿಜವಾದ ಅಂತರ 0.1ರಿಂದ 2.4ರ ನಡುವೆ ಎಲ್ಲಿಯಾದರೂ ಇರಬಹುದು. 0.1 ಎಂದರೆ ಏನೂ ಇಲ್ಲ, 2.4 ಎಂದರೆ ಒಳ್ಳೆಯ ಗುಳಿಗೆಯಷ್ಟು. ದೀರ್ಘಕಾಲದ ನೋವಿನಲ್ಲಿ ರೋಗಿ 'ಹೌದು, ಸುಧಾರಿಸಿದೆ' ಎನ್ನಲು ಸುಮಾರು 2 ಅಂಕ ಅಥವಾ ಶೇ. 30ರಷ್ಟು ಇಳಿಕೆ ಬೇಕೆಂದು 2001ರಿಂದಲೂ ಒಪ್ಪಿಕೊಂಡು ಬಂದಿದ್ದಾರೆ. ಶಸ್ತ್ರಚಿಕಿತ್ಸೆಯ ನೋವಿಗೆ ಈ ಹೊಸ್ತಿಲು ಇನ್ನೂ ತಗ್ಗು ಎನ್ನುವವರಿದ್ದಾರೆ. ಹಾಗೆ ಹಿಡಿದರೂ ಫಲಿತಾಂಶ ಹೊಸ್ತಿಲಿನ ಎರಡೂ ಬದಿ ಚಾಚಿಕೊಂಡಿದೆ.

ಇನ್ನೊಂದು ರೀತಿಯಲ್ಲಿ ನೋಡಬಹುದು. ಹೆಡ್‌ಸೆಟ್ ಗುಂಪಿನಿಂದ ಒಬ್ಬರನ್ನು, ಟಿ.ವಿ. ಗುಂಪಿನಿಂದ ಒಬ್ಬರನ್ನು ಕಣ್ಣುಮುಚ್ಚಿ ಆರಿಸಿದರೆ, ಹೆಡ್‌ಸೆಟ್ಟಿನವರಿಗೆ ಹೆಚ್ಚು ಆರಾಮವಾಗಿರುವ ಸಂಭವ ಎಷ್ಟು? ಅಂಕಗಳು ಗಂಟೆಯಾಕಾರದಲ್ಲಿ ಹರಡಿವೆ ಎಂದು ಭಾವಿಸಿದರೆ ನೂರಕ್ಕೆ ಸುಮಾರು 61. ನಾಣ್ಯ ಚಿಮ್ಮಿದರೆ 50. ಆ ಹನ್ನೊಂದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ 'ನಿಮ್ಮ ನೋವು ಇಳಿಯುತ್ತದೆ' ಎಂದು ಒಬ್ಬ ರೋಗಿಗೆ ಮಾತು ಕೊಡಲು ಅದು ಸಾಲದು. ಏಳು ಅಥವಾ ಅದಕ್ಕಿಂತ ಹೆಚ್ಚು ಅಂಕದ ನೋವಿದ್ದವರಲ್ಲಿ ಇಳಿಕೆ ಹೆಚ್ಚು ಕಂಡಿತ್ತು, 3.04ಕ್ಕೆ ಎದುರಾಗಿ 0.93. ಇದನ್ನು ಲೇಖಕರು ಉತ್ಸಾಹದಿಂದ ಹೇಳುತ್ತಾರೆ. ಆದರೆ ಅದೇ ಅಧ್ಯಯನದಲ್ಲಿ ಎರಡು ಮೂರು ದಿನಗಳ ಅವಧಿಗೆ ಲೆಕ್ಕ ಹಾಕಿದಾಗ ಹೆಡ್‌ಸೆಟ್ಟಿನ ಲಾಭ 0.6 ಅಂಕಕ್ಕಿಂತ ಕಡಿಮೆ. ಗುಳಿಗೆಯ ಬಳಕೆಯಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 'ಗುಳಿಗೆ ಕಡಿಮೆ ಸಾಕು' ಎಂಬ ಪ್ರಚಾರ ಈ ಅಧ್ಯಯನವನ್ನು ಸಾಕ್ಷಿಗೆ ಕರೆಯುವಂತಿಲ್ಲ.

ದಿನಕ್ಕೆ ಮೂರು ಸಲ ಹತ್ತು ನಿಮಿಷ ಎಂದರೆ 1440 ನಿಮಿಷಗಳಲ್ಲಿ 30, ಶೇ. 2ರಷ್ಟು. ಉಳಿದ ಶೇ. 98ರಲ್ಲಿ ರೋಗಿ ತನ್ನ ಮೊಣಕಾಲಿನೊಂದಿಗೆ ಒಬ್ಬನೇ. ರಾತ್ರಿ ಎರಡು ಗಂಟೆಯ ಮಿಡಿತಕ್ಕೆ ಅರ್ಧ ಕಿಲೋ ಹತ್ತಿರದ ಹೆಡ್‌ಸೆಟ್ ತೊಟ್ಟು ಮಲಗಲಾದೀತೆ?

ಇನ್ನು ಹೋಲಿಕೆಯ ಪ್ರಶ್ನೆ. ಶಸ್ತ್ರಚಿಕಿತ್ಸೆಯ ನೋವು ದಿನದಿಂದ ದಿನಕ್ಕೆ ತಾನಾಗಿ ಇಳಿಯುವಂಥದ್ದು. ವಿಕಿರಣ ಅಳೆಯುವಾಗ ಹಿನ್ನೆಲೆ ಎಣಿಕೆಯನ್ನು ಕಳೆಯದಿದ್ದರೆ ಎಂಥ ಮೂರ್ಖ ಉತ್ತರ ಬರುತ್ತದೆಂದು ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಗೊತ್ತು. ಇಲ್ಲಿ ಹಿನ್ನೆಲೆಯೇ ಜಾರುತ್ತಿರುತ್ತದೆ. ಹೋಲಿಕೆಯ ಗುಂಪಿಲ್ಲದ ಯಾವ ವರದಿಯನ್ನೂ ಆದ್ದರಿಂದ ಪಕ್ಕಕ್ಕಿಡಬೇಕು. ಗುಂಪಿದ್ದರೂ ಒಂದು ತೊಡಕಿದೆ: ಸಕ್ಕರೆ ಗುಳಿಗೆಯನ್ನು ಮದ್ದೆಂದು ಕೊಡಬಹುದು, ಹೆಡ್‌ಸೆಟ್ ತೊಟ್ಟಿದ್ದೇನೋ ಇಲ್ಲವೋ ಎಂಬುದನ್ನು ರೋಗಿಯಿಂದ ಮುಚ್ಚಿಡಲಾಗದು. ಹೊಸ ಯಂತ್ರ, ಅದನ್ನು ತಂದವರ ಆಸಕ್ತಿ, 'ನನಗೆ ವಿಶೇಷ ಚಿಕಿತ್ಸೆ' ಎಂಬ ಭಾವನೆ ಇವೆಲ್ಲವೂ ಅಂಕ ಇಳಿಸುತ್ತವೆ. ಈ ತೊಡಕಿಗೆ ಒಂದು ಜಾಣ ಉತ್ತರ ಕೊಟ್ಟ ಅಧ್ಯಯನ ಬೆನ್ನುನೋವಿನದು. ಅಮೆರಿಕದ ಎಫ್‌.ಡಿ.ಎ. 2021ರ ನವೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ 'ಈಸ್‌ ವಿಆರ್‌ಎಕ್ಸ್' ಎಂಬ ಮನೆಬಳಕೆಯ ಸಾಧನಕ್ಕೆ ಅನುಮತಿ ಕೊಟ್ಟಿತು. ಆಧಾರವಾಗಿದ್ದುದು ಎಂಟು ವಾರಗಳ, 179 ಮಂದಿಯ ಪ್ರಯೋಗ. ಅದರಲ್ಲಿ ಹೋಲಿಕೆಯ ಗುಂಪಿಗೂ ಹೆಡ್‌ಸೆಟ್ಟೇ ಕೊಟ್ಟರು, ಆದರೆ ಒಳಗೆ ಕಾಣುತ್ತಿದ್ದುದು ಚಪ್ಪಟೆಯಾದ, ರೋಗಿಗೆ ಸ್ಪಂದಿಸದ ದೃಶ್ಯ. ನಿಜ ಸಾಧನದ ಗುಂಪಿನಲ್ಲಿ ಶೇ. 66 ಮಂದಿಗೆ ನೋವು ಶೇ. 30ಕ್ಕಿಂತ ಹೆಚ್ಚು ಇಳಿಯಿತು. ಹುಸಿ ಸಾಧನದ ಗುಂಪಿನಲ್ಲಿಯೂ ಶೇ. 41 ಮಂದಿಗೆ ಇಳಿಯಿತು! ಅಂದರೆ ಸುಧಾರಿಸಿದವರ ಪಾಲಿನಲ್ಲಿ ಐದಕ್ಕೆ ಮೂರರಷ್ಟು ಹುಸಿ ಸಾಧನದಿಂದಲೂ ದಕ್ಕಿತು. ಉಳಿದ ಎರಡು ಪಾಲು ಮಿಥ್ಯಾವಾಸ್ತವದ ನಿಜವಾದ ಗಳಿಕೆ. ಅದು ಗೌರವಾರ್ಹ ಗಳಿಕೆಯೇ. ಸಾಧನ ಬಳಸಿದವರಲ್ಲಿ ಐವರಲ್ಲೊಬ್ಬರು ಅದರ ಕಿರಿಕಿರಿಯನ್ನೂ ಹತ್ತರಲ್ಲೊಬ್ಬರು ತಲೆಸುತ್ತು-ವಾಕರಿಕೆಯನ್ನೂ ಹೇಳಿದರು ಎಂಬುದನ್ನೂ ಜೊತೆಗೇ ಬರೆಯಬೇಕು. ಮತ್ತೆ, ಆ ಕಾರ್ಯಕ್ರಮ ಕಲಿಸಿದ್ದು ಉಸಿರಾಟ, ಗಮನ, ನೋವಿನ ಬಗೆಗಿನ ತಿಳಿವಳಿಕೆ. ಹಿಮದುಂಡೆ ಎಸೆಯುವುದನ್ನಲ್ಲ. ಹಳೆಯ ಸೊಂಟನೋವೂ ಹೊಸದಾಗಿ ಕೊಯ್ದ ಮೊಣಕಾಲೂ ಒಂದೇ ಅಲ್ಲ.

ಹಾಗಾದರೆ ಮೊಣಕಾಲಿನ ಮೇಲೆಯೇ ನಡೆದ ಪ್ರಯೋಗಗಳೇನು ಹೇಳುತ್ತವೆ? ಇಲ್ಲಿ 'ವರ್ಚುವಲ್' ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. 2020ರಲ್ಲಿ ಅಮೆರಿಕದಲ್ಲಿ 306 ಮಂದಿಯ ಮೇಲೆ ನಡೆದ ದೊಡ್ಡ ಅಧ್ಯಯನ ಹೆಡ್‌ಸೆಟ್ಟಿನದಲ್ಲ. ಮನೆಯ ಪರದೆಯ ಮೇಲೊಂದು ಗೊಂಬೆ ವ್ಯಾಯಾಮ ತೋರಿಸುತ್ತದೆ, ಕ್ಯಾಮೆರಾ ರೋಗಿಯ ಚಲನೆಯನ್ನು ಅಳೆಯುತ್ತದೆ, ದೂರದಿಂದ ಚಿಕಿತ್ಸಕರು ನೋಡಿಕೊಳ್ಳುತ್ತಾರೆ. ಇದರ ಫಲಿತಾಂಶ ಸಾಂಪ್ರದಾಯಿಕ ಫಿಜಿಯೋಥೆರಪಿಗಿಂತ ಕೀಳಲ್ಲವೆಂದು ಕಂಡಿತು, ಹನ್ನೆರಡು ವಾರಗಳ ಮಧ್ಯಾಂಕ ಖರ್ಚು 2,805 ಡಾಲರಿನಿಂದ 1,050 ಡಾಲರಿಗೆ ಇಳಿಯಿತು. ಅದೇ ವರ್ಷ ಇಟಲಿಯಲ್ಲಿ 85 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಸಂವೇದಕ-ಪರದೆಗಳ ವ್ಯವಸ್ಥೆಯನ್ನು ಶಸ್ತ್ರಚಿಕಿತ್ಸೆಯ ಬೆನ್ನಿಗೇ ಬಳಸಿದರು. ಕಾಲು ಎಲ್ಲಿದೆ ಎಂಬ ಅರಿವು ಸುಧಾರಿಸಿತು. ನೋವಿನಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಇವೆರಡನ್ನೂ ಸ್ನೋವರ್ಲ್ಡಿನ ಜೊತೆ ಒಂದೇ ಪಟ್ಟಿಯಲ್ಲಿ ಸೇರಿಸಿ 'ಮಿಥ್ಯಾವಾಸ್ತವದ ಅಧ್ಯಯನಗಳು' ಎಂದು ಸರಾಸರಿ ತೆಗೆಯುವ ಸಮೀಕ್ಷೆಗಳಿವೆ. ಮೀಟರನ್ನೂ ಕಿಲೋಗ್ರಾಮನ್ನೂ ಕೂಡಿಸಿದಂತೆ ಇದು.

ಇಟಲಿಯವರ ಪ್ರಯೋಗಕ್ಕೂ ನ್ಯಾಯ ಸಲ್ಲಬೇಕು. ನೋವಿನ ಅಂಕಗಳ ಮಾನಕ ವಿಚಲನೆ 3 ಎಂದು ಹಿಡಿದರೆ, ಒಂದು ಅಂಕದ ವ್ಯತ್ಯಾಸವನ್ನು ಶೇ. 80ರ ಭರವಸೆಯಿಂದ ಹಿಡಿಯಲು ಪ್ರತಿ ಗುಂಪಿನಲ್ಲಿ ಸುಮಾರು 140 ಮಂದಿ ಬೇಕು. ಗುಂಪಿಗೆ ನಲವತ್ತೆರಡು ಮಂದಿಯಿದ್ದರೆ 1.8 ಅಂಕಕ್ಕಿಂತ ಸಣ್ಣ ಪರಿಣಾಮ ಬಲೆಯ ಕಣ್ಣಿನಿಂದ ನುಸುಳಿಹೋಗಬಹುದು. 'ವ್ಯತ್ಯಾಸ ಸಿಗಲಿಲ್ಲ' ಎಂದರೆ 'ವ್ಯತ್ಯಾಸವಿಲ್ಲ' ಎಂದಲ್ಲ. ಪ್ರಚಾರದವರಿಗೆ ಹೇಳುವ ಮಾತನ್ನು ಸಂಶಯವಾದಿಗಳಿಗೂ ಹೇಳಬೇಕಾಗುತ್ತದೆ.

ನಮ್ಮ ನಾಡಿಗೆ ಬಂದಾಗ ಇನ್ನೊಂದು ವ್ಯತ್ಯಾಸ ಎದುರಾಗುತ್ತದೆ. ಈ ಸಂಶೋಧನೆಗೆ ಅಮೆರಿಕದಲ್ಲಿ ಹಣ ಹರಿದುಬರಲು ಒಂದು ಮುಖ್ಯ ಕಾರಣ ಅಲ್ಲಿನ ಮಾರ್ಫೀನ್ ವರ್ಗದ ಔಷಧಗಳ ಅತಿಬಳಕೆ ಮತ್ತು ಅದರ ಸಾವುಗಳು. ಗುಳಿಗೆ ಕಡಿಮೆ ಮಾಡುವುದೇ ಅಲ್ಲಿ ಗುರಿ. ನಮ್ಮಲ್ಲಿ ತೊಂದರೆ ತಿರುಗುಮುರುಗು. 1985ರ ಮಾದಕ ವಸ್ತು ಕಾಯಿದೆಯ ಬಿಗಿಯಿಂದಾಗಿ ಕ್ಯಾನ್ಸರ್ ರೋಗಿಗಳಿಗೂ ಮಾರ್ಫೀನ್ ಸಿಗದ ಸ್ಥಿತಿ ದಶಕಗಳ ಕಾಲ ಇತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತಾದರೂ ನೋವು ತಿನ್ನುವುದೇ ಸಹಜವೆಂಬ ಭಾವನೆ ಉಳಿದಿದೆ. 'ಸ್ವಲ್ಪ ತಡ್ಕೋರಿ' ಎಂಬುದು ನಮ್ಮ ವಾರ್ಡುಗಳ ಸಾಮಾನ್ಯ ಮದ್ದು. ಇಂಥಲ್ಲಿ ಹೆಡ್‌ಸೆಟ್ 'ಗುಳಿಗೆಯ ಬದಲು' ಎಂಬ ಹೆಸರಿನಲ್ಲಿ ಬಂದರೆ, ಸರಿಯಾದ ನರತಡೆ ಚುಚ್ಚುಮದ್ದೂ ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲೂ ಕೊಡದೆ ತಪ್ಪಿಸಿಕೊಳ್ಳಲು ಅದೊಂದು ನೆಪವಾದೀತು. ನನ್ನ ನಿಜವಾದ ಆತಂಕ ಇದು.

2017ರ ಆಗಸ್ಟ್‌ನಲ್ಲಿ ಕೇಂದ್ರ ಔಷಧ ಬೆಲೆ ಪ್ರಾಧಿಕಾರ ಕೋಬಾಲ್ಟ್-ಕ್ರೋಮಿಯಂ ಮೊಣಕಾಲು ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಅದಾದ ಮೇಲೆ ಸಾಮಾನ್ಯ ಸಂಸಾರಗಳೂ ಈ ಶಸ್ತ್ರಚಿಕಿತ್ಸೆಯ ಯೋಚನೆ ಮಾಡತೊಡಗಿದವು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಅನೇಕರು ಇದಕ್ಕೆ ಬೆಳಗಾವಿಗೆ ಹೋಗುತ್ತಾರೆ. ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾರೆ. ಮುಂದಿನ ಆರು ವಾರಗಳ ಮಡಚುವ ಕೆಲಸ ನಡೆಯುವುದು ಅರವತ್ತು ಕಿಲೋಮೀಟರ್ ದೂರದ ಹಳ್ಳಿಯ ಮನೆಯಲ್ಲಿ, ಫಿಜಿಯೋಥೆರಪಿಯವರು ವಾರಕ್ಕೊಮ್ಮೆ ಬಂದರೆ ಪುಣ್ಯ ಎನ್ನುವ ಸ್ಥಿತಿಯಲ್ಲಿ. ಇಲ್ಲಿ ಉಪಯೋಗಕ್ಕೆ ಬರುವುದು ಹಿಮಕಣಿವೆಯಲ್ಲ, ಆ ಅಮೆರಿಕದ ಗೊಂಬೆಯಂಥ ವ್ಯವಸ್ಥೆ: ಕೋನ ಅಳೆದು, 'ನಿನ್ನೆ 78 ಇತ್ತು, ಇವತ್ತು 81' ಎಂದು ಕನ್ನಡದಲ್ಲಿ ಹೇಳುವ ಸರಳ ಸಾಧನ. ಅದಕ್ಕೆ ಹತ್ತಾರು ಸಾವಿರ ರೂಪಾಯಿಯ ಹೆಡ್‌ಸೆಟ್ ಬೇಕಿಲ್ಲ. ಕ್ಯಾಮೆರಾ ಇರುವ ಮೊಬೈಲು ಸಾಕಾಗಬಹುದು. ಹೆಡ್‌ಸೆಟ್ಟುಗಳ ಆಯುಸ್ಸಾದರೂ ಎಷ್ಟು? ಸ್ಪೀಗಲ್ ತಂಡದ 2017ರ ಅಧ್ಯಯನ ಬಳಸಿದ ಮೊಬೈಲು ಸಿಕ್ಕಿಸುವ ಸ್ಯಾಮ್‌ಸಂಗ್ ಸಾಧನ ಈಗ ತಯಾರಾಗುತ್ತಲೇ ಇಲ್ಲ.

ಅಕ್ಕನ ವಿಷಯದಲ್ಲಿ ನಾನು ಕಂಡದ್ದನ್ನು ಪುರಾವೆ ಎನ್ನಲಾರೆ, ಒಬ್ಬರ ಮೇಲಿನ ಪ್ರಯೋಗ ಪ್ರಯೋಗವಲ್ಲ. ಆ ಹುಡುಗಿ ಕಾಲು ಮಡಚಿಸುತ್ತ ಕರದಂಟಿಗೆ ಬೆಲ್ಲದ ಪಾಕ ಎಷ್ಟು ಎಳೆ ಬರಬೇಕೆಂದು ಕೇಳುತ್ತಿದ್ದಳು. ಅಕ್ಕ ಉತ್ತರ ಹೇಳುವಷ್ಟರಲ್ಲಿ ಕಾಲು ನಾಲ್ಕೈದು ಡಿಗ್ರಿ ಹೆಚ್ಚು ಮಡಚಿರುತ್ತಿತ್ತು. ಕೋನಮಾಪಕ ನನ್ನ ಕೈಯಲ್ಲಿಯೇ ಇತ್ತು. ಮಾತು ನಿಂತರೆ ಕಾಲು ನಿಲ್ಲುತ್ತಿತ್ತು. ಹೆಡ್‌ಸೆಟ್ಟಿನ ಪ್ರಯೋಗಗಳಲ್ಲಿ ಹೋಲಿಕೆಗೆ ಟಿ.ವಿ.ಯನ್ನು ಇಟ್ಟಿದ್ದಾರೆ, ಚಪ್ಪಟೆ ದೃಶ್ಯವನ್ನು ಇಟ್ಟಿದ್ದಾರೆ. ಪಕ್ಕದಲ್ಲಿ ಕುಳಿತು ಪಾಕದ ಎಳೆ ಕೇಳುವವರನ್ನೂ ಇಡಬೇಕು.

ನಮ್ಮ ವೈದ್ಯಕೀಯ ಹಾಗೂ ಫಿಜಿಯೋಥೆರಪಿ ಕಾಲೇಜುಗಳಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ಮೂರು ಗುಂಪು ಮಾಡಲಿ: ಹೆಡ್‌ಸೆಟ್, ಅದೇ ದೃಶ್ಯ ಸಾಮಾನ್ಯ ಪರದೆಯ ಮೇಲೆ, ಮಾತನಾಡಿಸುವ ಮನುಷ್ಯ. ಮೂವರಿಗೂ ನೋವಿನ ಮದ್ದು ಪೂರ್ತಿಯಾಗಿ, ಸಮನಾಗಿ ಸಿಗಲಿ. ಬಳಕೆ ಮಡಚುವ ಹದಿನೈದು ನಿಮಿಷಕ್ಕೆ ಸೀಮಿತವಾಗಿರಲಿ. ಬರೆದಿಡುವುದು ಸೊನ್ನೆ-ಹತ್ತರ ಅಂಕವೊಂದನ್ನೇ ಅಲ್ಲ, ಮಡಚಿದ ಕೋನ, ಇಪ್ಪತ್ನಾಲ್ಕು ಗಂಟೆಯಲ್ಲಿ ತೆಗೆದುಕೊಂಡ ಗುಳಿಗೆಯ ಮಿಲಿಗ್ರಾಂ, ರಾತ್ರಿ ನಿದ್ದೆಯ ಗಂಟೆಗಳು. ಕೋನವನ್ನು ಅಳೆಯುವವರಿಗೆ ರೋಗಿ ಯಾವ ಗುಂಪಿನವರೆಂದು ತಿಳಿಯದಿರಲಿ. ರೋಗಿಯಿಂದ ಮುಚ್ಚಿಡಲಾಗದ್ದನ್ನು ಅಳೆಯುವವರಿಂದಲಾದರೂ ಮುಚ್ಚಿಡಬಹುದು. ಹೆಡ್‌ಸೆಟ್ಟಿನ ಒಳಗೆ ಹಿಮವನ್ನೇ ಇಡಬೇಕೆಂದಿಲ್ಲ. ಆಗಸ್ಟ್ ತಿಂಗಳಲ್ಲಿ ತುಂಬಿ ಹರಿಯುವ ಘಟಪ್ರಭೆಯನ್ನು ಸುತ್ತಲಿನ ಕ್ಯಾಮೆರಾದಿಂದ ಸೆರೆಹಿಡಿದು ಇಡಬಹುದು. ಆದರೆ ಅಂಥ ಚಿತ್ರದಲ್ಲಿ ತಲೆ ತಿರುಗಿಸಿದರೆ ದೃಶ್ಯ ತಿರುಗುತ್ತದೆ, ಮುಂದೆ ಬಾಗಿದರೆ ಹತ್ತಿರ ಬರುವುದಿಲ್ಲ. ಅದರಿಂದ ವಾಕರಿಕೆ ಹೆಚ್ಚಾದೀತೆ ಎಂಬುದನ್ನೂ ಮೊದಲೇ ಕೆಲವು ಆರೋಗ್ಯವಂತ ಹಿರಿಯರ ಮೇಲೆ ನೋಡಿಕೊಳ್ಳಬೇಕಾಗುತ್ತದೆ.